ನಾಳೆ ಎಂದರೆ ಯಾವ ತಾರೀಕು?

ಆ ದಿನ ಬೆಳಗ್ಗಿನ ಮದ್ರಸ ಬಿಟ್ಟು ಮಕ್ಕಳೆಲ್ಲ ಶಾಲೆಗೆ ಓಡಿದ್ದರು. ನಾವು ಹಾಜರಿ ಪುಸ್ತಕ ಮುಚ್ಚಿ ಬಾಗಿಲಿಗೆ ಬೀಗ ಹಾಕುವ ಹೊತ್ತಿಗೆ ಮೆಟ್ಟಿಲ ಬಳಿ ಒಬ್ಬರು ತಾಯಿ ನಿಂತಿದ್ದರು. ನಮ್ಮಲ್ಲಿ ಹತ್ತನೇ ತರಗತಿಯವರೆಗೆ ಕಲಿತು ಹೋದ ಹುಡುಗನ ಉಮ್ಮ. ಹುಡುಗ ಈಗ ನಗರದ ಒಂದು ಕಾಲೇಜಿನಲ್ಲಿ ಡಿಗ್ರಿ ಎರಡನೇ ವರ್ಷ.

“ಉಸ್ತಾದ್, ಅವನಿಗೆ ನೀವೊಂದು ಮಾತು ಹೇಳಬೇಕು. ಕಲೀಲಿಕ್ಕೆ ಅಂತ ಕಳಿಸಿದ್ರೆ ನಾಟಕಕ್ಕೆ ಸೇರಿದ್ದಾನೆ. ಮನೆಗೆ ಬರುವಾಗ ರಾತ್ರಿ ಎಂಟು ಗಂಟೆ ಆಗ್ತದೆ. ಅವನ ಉಪ್ಪ ಅಲ್ಲಿ ಬಿಸಿಲಲ್ಲಿ ಬೇಯ್ತಾ ಇದ್ದಾರೆ, ಇವನು ಇಲ್ಲಿ ವೇಷ ಹಾಕ್ತಾನೆ. ನಾನು ಹೇಳಿದ್ರೆ ಕೇಳುವುದಿಲ್ಲ, ನೀವು ಹೇಳಿದ್ರೆ ಕೇಳಿಯಾನು” ಎಂದರು.

ನಾವು ತಲೆಯಾಡಿಸಿದೆವು. ಮದ್ರಸ ಉಸ್ತಾದರ ಹತ್ತಿರ ಇಂತಹ ದೂರು ಬರುವುದು ಹೊಸತಲ್ಲ. ಮೊಬೈಲ್ ಹುಚ್ಚು, ಬೈಕ್ ಹುಚ್ಚು, ಸುಬ್‌ಹಿಗೆ ಏಳದಿರುವುದು, ಎಲ್ಲದಕ್ಕೂ ನಮ್ಮದೇ ಒಂದು ಮಾತು ಬೇಕು. ಹುಡುಗನನ್ನು ಕರೆಸಿ ಹೇಳಿದರಾಯಿತು ಎಂದುಕೊಂಡೆವು.

ಹುಡುಗ ಬಂದ. ಎಂತ ನಾಟಕ ಎಂದು ಕೇಳಿದೆವು.

“ಇಬ್ಬರು ಒಂದು ಮರದ ಹತ್ತಿರ ಒಬ್ಬರಿಗೆ ಕಾಯುವುದು ಉಸ್ತಾದ್.”

“ಮತ್ತೆ?”

“ಅವರು ಬರುವುದಿಲ್ಲ.”

“ಮತ್ತೆ?”

“ಮತ್ತೆ ಏನಿಲ್ಲ. ಅಷ್ಟೇ.”

ನಗು ಬಂತು. ನಿನ್ನದು ಯಾವ ವೇಷ ಎಂದರೆ, ಸಂದೇಶ ತರುವ ಹುಡುಗನ ವೇಷ, ಎರಡು ಸಲ ಬಂದು ಹೋಗುವುದು, ಎಲ್ಲಾ ಸೇರಿ ಹತ್ತು ನಿಮಿಷವೂ ಇಲ್ಲ ಎಂದ. ಹತ್ತು ನಿಮಿಷಕ್ಕಾಗಿ ಎರಡು ತಿಂಗಳು ಸಂಜೆ ಹಾಳು ಮಾಡುವುದಾ ಎಂದು ಕೇಳಬೇಕೆಂದಿದ್ದೆವು. ಅಷ್ಟರಲ್ಲಿ ಅವನೇ ಹೇಳಿದ: “ಉಸ್ತಾದ್, ನನಗೆ ಮೊದಲು ಮೈಕ್ ಹಿಡಿಸಿದ್ದು ನೀವೇ ಅಲ್ವಾ, ಮೀಲಾದ್ ಸ್ಟೇಜಲ್ಲಿ? ನೀವೊಮ್ಮೆ ಬಂದು ನೋಡಿ. ನೋಡಿದ ಮೇಲೆ ಬೇಡ ಅಂದ್ರೆ ಬಿಡ್ತೇನೆ.”

ಮಾತು ಸುಳ್ಳಲ್ಲ. ರಬೀಉಲ್ ಅವ್ವಲ್ ಬಂತೆಂದರೆ ಪ್ರತೀ ಮದ್ರಸದಲ್ಲೂ ಮಕ್ಕಳಿಗೆ ಭಾಷಣ, ಹಾಡು, ದಫ್ ಕಲಿಸುವವರು ನಾವೇ. ನಡುಗುವ ಕಾಲಿನ ಏಳು ವರ್ಷದ ಹುಡುಗನನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಎದುರಿನ ಗೋಡೆ ನೋಡಿ ಮಾತಾಡು ಎಂದವರೂ ನಾವೇ. ಹಾಗಾಗಿ ನೋಡದೆ ತೀರ್ಪು ಕೊಡುವುದು ನ್ಯಾಯವಲ್ಲ ಎಂದು ಅನಿಸಿತು. ನಾವು ಹೋಗುತ್ತೇವೆಂದು ತಿಳಿದಾಗ ಅವನ ಉಮ್ಮ, “ಹಾಗಾದ್ರೆ ನಾನೂ ನನ್ನ ತಂಗಿಯೂ ಬರ್ತೇವೆ, ಎಂತ ಮಾಡ್ತಾನೆ ನೋಡುವ” ಎಂದರು.

ಮುಂದೆ ಬರೆಯುವುದೆಲ್ಲ ಆ ತಾಯಿ ಮಗನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ. ಹೆಸರು ಬೇಡವೆಂದಿದ್ದಾರೆ.

ಒಂದು ಮರ, ಇಬ್ಬರು ಮನುಷ್ಯರು

ಮಗ್ರಿಬ್ ಮುಗಿಸಿ ಕಾಲೇಜು ತಲುಪುವಾಗ ಸಭಾಂಗಣ ಮುಕ್ಕಾಲು ತುಂಬಿತ್ತು. ಹೆಚ್ಚಿನವರೂ ವಿದ್ಯಾರ್ಥಿಗಳು. ಬಿಳಿ ಟೊಪ್ಪಿ, ಗಡ್ಡದ ನಮ್ಮನ್ನು ನೋಡಿ ಬಾಗಿಲಲ್ಲಿದ್ದ ಹುಡುಗ ಸ್ವಲ್ಪ ಗಲಿಬಿಲಿಗೊಂಡ. ಯಾರೋ ದೂರು ಕೊಡಲು ಬಂದವರು ಎಂದುಕೊಂಡನೋ ಏನೋ. ಮತ್ತೆ ಮರ್ಯಾದೆಯಿಂದ ಕರೆದುಕೊಂಡು ಹೋಗಿ ಮೂರನೇ ಸಾಲಿನಲ್ಲಿ ಕೂರಿಸಿದ. ತಾಯಿ ಮತ್ತು ಅವರ ತಂಗಿ ನಮ್ಮ ಹಿಂದಿನ ಸಾಲಿನಲ್ಲಿ ಹೆಣ್ಮಕ್ಕಳ ಜತೆ ಕೂತರು.

ವೇದಿಕೆಯಲ್ಲಿ ಏನೆಂದರೆ ಏನೂ ಇಲ್ಲ. ಪೈಂಟಿನ ಡಬ್ಬಿಯಲ್ಲಿ ಮರಳು ತುಂಬಿ, ಅದರಲ್ಲಿ ಒಣಗಿದ ಗೇರು ಗೆಲ್ಲು ಊರಿದ್ದರು. ಅದೇ ಮರ. ಪಕ್ಕದಲ್ಲಿ ಕೂರಲು ಒಂದು ದಿಬ್ಬ. ಹರಕು ಕೋಟು, ಹಳೆ ಟೊಪ್ಪಿಯ ಇಬ್ಬರು ಬಡವರು. ಒಬ್ಬ ಕಾಲಿನ ಬೂಟು ತೆಗೆಯಲು ಒದ್ದಾಡುತ್ತಿದ್ದಾನೆ, ಬರುವುದಿಲ್ಲ. ಇನ್ನೊಬ್ಬ ಟೊಪ್ಪಿ ತೆಗೆದು ಒಳಗೆ ಇಣುಕಿ ನೋಡಿ ಮತ್ತೆ ಇಟ್ಟುಕೊಳ್ಳುತ್ತಾನೆ. ಮಾತಾಡುತ್ತಾರೆ, ಜಗಳವಾಡುತ್ತಾರೆ, ರಾಜಿಯಾಗುತ್ತಾರೆ. ಒಬ್ಬನಿಗೆ ಹಸಿವು, ಇನ್ನೊಬ್ಬ ಕಿಸೆಯಿಂದ ಒಂದು ಕ್ಯಾರೆಟ್ ತೆಗೆದು ಕೊಡುತ್ತಾನೆ. ಹೋಗುವ ಎಂದರೆ ಆಗುವುದಿಲ್ಲ, ಯಾಕೆಂದರೆ ಗೋಡೋ ಎಂಬೊಬ್ಬರು ಬರುತ್ತೇನೆ ಎಂದಿದ್ದಾರೆ. ಬಂದರೆ ಕಷ್ಟ ಪರಿಹಾರವಾಗುತ್ತದೆ. ಬರುವುದು ಇಲ್ಲಿಗೇನಾ, ಇವತ್ತೇನಾ, ಅದೂ ಅವರಿಗೆ ನೆಟ್ಟಗೆ ಗೊತ್ತಿಲ್ಲ.

ಹತ್ತು ನಿಮಿಷವಾಯಿತು, ಇಪ್ಪತ್ತು ನಿಮಿಷವಾಯಿತು. ಕತೆ ಈಗ ಶುರುವಾಗಬಹುದು, ಮತ್ತೆ ಶುರುವಾಗಬಹುದು ಎಂದು ನಾವೂ ಕಾದೆವು. ಶುರುವಾಗಲಿಲ್ಲ. ನಮ್ಮ ಮುಂದಿನ ಸಾಲಿನ ಒಬ್ಬರು ಎದ್ದು ಹೋದರು. ವಿದ್ಯಾರ್ಥಿಗಳು ಮಾತ್ರ ನಗುತ್ತಿದ್ದರು.

ಆಮೇಲೆ ಇನ್ನಿಬ್ಬರು ಬಂದರು. ಒಬ್ಬ ಧಣಿ. ಇನ್ನೊಬ್ಬ ಆಳು, ಅವನ ಕುತ್ತಿಗೆಗೆ ಹಗ್ಗ, ಎರಡೂ ಕೈಯಲ್ಲಿ ಸಾಮಾನು. ಧಣಿ ಕೂತು ಕೋಳಿ ತಿಂದು ಎಲುಬು ಎಸೆಯುತ್ತಾನೆ, ಹಸಿದವನು ಆ ಎಲುಬಿಗೆ ಆಸೆಪಡುತ್ತಾನೆ. ಆಳು ಹೊರೆಯನ್ನು ಕೆಳಗಿಡುವುದೇ ಇಲ್ಲ. ಯಾಕೆ ಇಡುವುದಿಲ್ಲ ಎಂದು ಕೇಳಿದರೆ, ಧಣಿ ತನ್ನನ್ನು ಮಾರಿಬಿಡಬಾರದು ಎಂದು ಹೊರುತ್ತಾನಂತೆ. ಇಲ್ಲಿ ಹಗ್ಗ ಗೇರು ಗೆಲ್ಲಿಗೆ ಸಿಕ್ಕಿ ಮರವೇ ಬಿತ್ತು. ಹುಡುಗರು ಮಾತು ನಿಲ್ಲಿಸದೆ ಅದನ್ನು ಎತ್ತಿ ನಿಲ್ಲಿಸಿದರು. ನಾಟಕದಲ್ಲೇ ಹಾಗೆ ಉಂಟೇನೋ ಎಂದು ನಾವು ನೋಡಿದೆವು.

ಕೊನೆಗೆ ನಮ್ಮ ಹುಡುಗ ಬಂದ. ಚಡ್ಡಿ, ದೊಗಲೆ ಅಂಗಿ, ಬರಿಗಾಲು. ಅವನು ಗೋಡೋ ಅವರ ಆಡು ಕಾಯುವವನು. ಮೆಲ್ಲ ಬಂದು, ಹೆದರುತ್ತಾ, ಯಜಮಾನರು ಈ ಸಂಜೆ ಬರುವುದಕ್ಕಾಗುವುದಿಲ್ಲ, ಆದರೆ ನಾಳೆ ತಪ್ಪದೆ ಬರುತ್ತಾರೆ ಎಂಬ ಸುದ್ದಿ ಒಪ್ಪಿಸಿದ. ಗೋಡೋಗೆ ಏನು ಹೇಳಲಿ ಎಂದು ಅವನು ಕೇಳಿದಾಗ, ಕಾಯುತ್ತಿದ್ದವನು ಸ್ವಲ್ಪ ಯೋಚಿಸಿ, ನಮ್ಮನ್ನು ನೋಡಿದೆ ಎಂದಷ್ಟೇ ತಿಳಿಸು ಎಂಬಂತೆ ಉತ್ತರ ಕೊಟ್ಟ. ಹುಡುಗ ಓಡಿ ಹೋದ. ವೇದಿಕೆಯ ಹಿಂದೆ ಕಾಗದದ ಚಂದ್ರ ಮೇಲೇಳಬೇಕಿತ್ತು, ಅರ್ಧಕ್ಕೆ ಸಿಕ್ಕಿಹಾಕಿಕೊಂಡಿತು. ಎಲ್ಲರೂ ನಕ್ಕರು.

ನಮ್ಮ ಹಿಂದಿನ ಸಾಲಿನಿಂದ ಮಾತ್ರ ನಗು ಕೇಳಿಸಲಿಲ್ಲ.

ಜೈಲಿನಲ್ಲಿ ಅರ್ಥವಾದ ನಾಟಕ

ಮಧ್ಯಂತರದಲ್ಲಿ ನಾಟಕ ಆಡಿಸಿದ ಉಪನ್ಯಾಸಕರು ನಮ್ಮ ಹತ್ತಿರ ಬಂದು ಕೂತರು. ಚಹಾ ತರಿಸಿದರು. ನಮಗೆ ಎಂತದೂ ಅರ್ಥವಾಗಲಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿದೆವು. ಅವರು ಬೇಸರಪಡಲಿಲ್ಲ. “ಮೊದಲು ಪ್ಯಾರಿಸಿನಲ್ಲಿ ನೋಡಿದವರಲ್ಲೂ ಎಷ್ಟೋ ಜನ ಹಾಗೇ ಹೇಳಿದ್ದು ಉಸ್ತಾದ್” ಎಂದರು. ಅವರು ಹೇಳಿದ್ದನ್ನು, ಆಮೇಲೆ ನಾವು ಓದಿ ತಿಳಿದದ್ದನ್ನು ಸೇರಿಸಿ ಇಲ್ಲಿ ಬರೆಯುತ್ತೇವೆ.

ನಾಟಕದ ಹೆಸರು ‘ವೇಟಿಂಗ್ ಫಾರ್ ಗೋಡೋ’. ಬರೆದವರು ಐರ್ಲೆಂಡಿನಲ್ಲಿ 1906ರಲ್ಲಿ ಹುಟ್ಟಿದ ಸ್ಯಾಮುಯೆಲ್ ಬೆಕೆಟ್. ಬದುಕಿನ ಹೆಚ್ಚಿನ ಭಾಗ ಇದ್ದದ್ದು ಫ್ರಾನ್ಸಿನಲ್ಲಿ. ಎರಡನೇ ಮಹಾಯುದ್ಧದಲ್ಲಿ ಹಿಟ್ಲರನ ಸೇನೆ ಪ್ಯಾರಿಸನ್ನು ಹಿಡಿದಾಗ ಅದರ ವಿರುದ್ಧ ಗುಟ್ಟಾಗಿ ಕೆಲಸ ಮಾಡುವವರ ಜತೆ ಸೇರಿದ್ದರು. ತಂಡದವರು ಸಿಕ್ಕಿಬಿದ್ದಾಗ 1942ರಲ್ಲಿ ತಪ್ಪಿಸಿಕೊಂಡು ದಕ್ಷಿಣದ ರೂಸಿಯೋ ಎಂಬ ಹಳ್ಳಿಗೆ ಹೋಗಿ, ಯುದ್ಧ ಯಾವಾಗ ಮುಗಿಯುತ್ತದೆ ಎಂದು ಕಾಯುತ್ತಾ ಇದ್ದರು. ಕಾಯುವುದು ಎಂದರೆ ಏನೆಂದು ಪುಸ್ತಕ ಓದಿ ತಿಳಿದವರಲ್ಲ.

ಯುದ್ಧ ಮುಗಿದ ಮೇಲೆ ಈ ನಾಟಕವನ್ನು ಮೊದಲು ಫ್ರೆಂಚಿನಲ್ಲೇ ಬರೆದರು. 1953ರ ಜನವರಿ 5ರಂದು ಪ್ಯಾರಿಸಿನ ಒಂದು ಸಣ್ಣ ರಂಗಮಂದಿರದಲ್ಲಿ ಮೊದಲ ಪ್ರದರ್ಶನ ಆಯಿತು. ಮತ್ತೆ ಅವರೇ ಇಂಗ್ಲಿಷಿಗೆ ತಂದರು. 1969ರಲ್ಲಿ ಅವರಿಗೆ ನೊಬೆಲ್ ಬಂತು.

ಇಂತಹ ನಾಟಕಗಳಿಗೆ ಕನ್ನಡದಲ್ಲಿ ಅಸಂಗತ ನಾಟಕ ಎನ್ನುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ ಮಾತು, ಮುಂದೆ ಹೋಗದ ಕತೆ. ಕೋಟ್ಯಂತರ ಜನ ಸತ್ತ ಯುದ್ಧದ ನಂತರ ಯುರೋಪಿನವರಿಗೆ ಬದುಕಿನ ಲೆಕ್ಕವೇ ತಪ್ಪಿದಂತಾಗಿತ್ತು, ಆ ತಪ್ಪಿದ ಲೆಕ್ಕವನ್ನೇ ವೇದಿಕೆಗೆ ತಂದರು ಎಂದು ಉಪನ್ಯಾಸಕರು ಬಿಡಿಸಿ ಹೇಳಿದರು. ನಮ್ಮ ಕನ್ನಡದಲ್ಲೂ ಚಂದ್ರಶೇಖರ ಪಾಟೀಲರ ‘ಕೊಡೆಗಳು’, ಚಂದ್ರಕಾಂತ ಕುಸನೂರರ ‘ಆನಿ ಬಂತಾನಿ’ ಇದೇ ದಾರಿಯ ನಾಟಕಗಳಂತೆ.

ನಮ್ಮ ಮನಸ್ಸಿಗೆ ಹೆಚ್ಚು ತಾಗಿದ್ದು ಒಂದು ಜೈಲಿನ ಸಂಗತಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಯಾನ್ ಕ್ವೆಂಟಿನ್ ಎಂಬ ದೊಡ್ಡ ಜೈಲು ಉಂಟು. 1957ರ ನವೆಂಬರ್ 19ರಂದು ಅಲ್ಲಿಯ ಸುಮಾರು 1400 ಕೈದಿಗಳ ಎದುರು ಈ ನಾಟಕ ಆಡಿದರು. ಇದನ್ನೇ ಆರಿಸಿದ್ದಕ್ಕೆ ಒಂದು ಕಾರಣ, ಇದರಲ್ಲಿ ಹೆಣ್ಣಿನ ಪಾತ್ರ ಇಲ್ಲ ಎಂಬುದು. ದೊಡ್ಡ ದೊಡ್ಡ ಊರಿನ ಓದಿದವರು ತಲೆ ಕೆರೆದುಕೊಂಡ ನಾಟಕ ಕೈದಿಗಳಿಗೆ ಸಲೀಸಾಗಿ ಅರ್ಥವಾಯಿತು. ಒಳಗಿದ್ದವರಿಗೆ ಗೋಡೋ ಯಾರೆಂದು ಯಾರೂ ವಿವರಿಸಬೇಕಾಗಲಿಲ್ಲ. ಅದೇ ಜೈಲಿನಲ್ಲಿ ಜೀವಾವಧಿ ಶಿಕ್ಷೆಯಲ್ಲಿದ್ದ ರಿಕ್ ಕ್ಲಚಿ ಎಂಬವರು ಮುಂದೆ ಒಳಗೇ ನಾಟಕ ತಂಡದಲ್ಲಿ ಬೆಳೆದು, ಬಿಡುಗಡೆಯಾದ ಮೇಲೆ ಬೆಕೆಟರ ಜತೆಗೇ ಕೆಲಸ ಮಾಡಿದರು.

ಇನ್ನೊಂದು ನಮ್ಮ ಓದುಗರಿಗೆ ಗೊತ್ತಿರಬೇಕಾದ ಊರಿನದ್ದು. ಬೋಸ್ನಿಯಾದ ಸರಾಯೆವೊ. 1992ರ ಏಪ್ರಿಲಿನಿಂದ 1996ರ ಫೆಬ್ರವರಿವರೆಗೆ ಆ ಊರಿಗೆ ಮುತ್ತಿಗೆ. ಸುತ್ತಲ ಗುಡ್ಡದಿಂದ ಶೆಲ್, ಬೀದಿಗಿಳಿದರೆ ಗುಂಡು, ಕರೆಂಟಿಲ್ಲ, ನೀರಿಲ್ಲ. ಅಲ್ಲಿಗೆ 1993ರಲ್ಲಿ ಅಮೆರಿಕದ ಲೇಖಕಿ ಸೂಸನ್ ಸೊಂಟಾಗ್ ಹೋಗಿ, ಆ ಊರಿನ ನಟನಟಿಯರನ್ನೇ ಸೇರಿಸಿ ಇದೇ ನಾಟಕ ಆಡಿಸಿದರು. ಆಗಸ್ಟಿನಲ್ಲಿ, ಮೋಂಬತ್ತಿ ಬೆಳಕಿನಲ್ಲಿ, ಮೊದಲ ಅಂಕ ಮಾತ್ರ. ಕಾಯುವ ಜೋಡಿ ಒಂದಲ್ಲ, ಮೂರು ಜೋಡಿ. ನಟರಿಗೆ ಹೊಟ್ಟೆಗೆ ಸರಿಯಾಗಿಲ್ಲದೆ ಅಭ್ಯಾಸದ ನಡುವೆ ಮಲಗಿಬಿಡುತ್ತಿದ್ದರಂತೆ. ಹೊರಗಿನ ಲೋಕ ಬಂದು ಕಾಪಾಡುತ್ತದೆ ಎಂದು ಕಾಯುತ್ತಿದ್ದ ಊರಿಗೆ ಅದು ಬೇರೆಯವರ ಕತೆಯಾಗಿರಲಿಲ್ಲ. ಆ ಊರಿನ ರಂಗಮಂದಿರದ ಎದುರಿನ ಚೌಕಕ್ಕೆ ಈಗ ಸೊಂಟಾಗ್ ಹೆಸರಿಟ್ಟಿದ್ದಾರೆ. ಅದಕ್ಕಿಂತ ಮೊದಲೇ, 1984ರಲ್ಲಿ ಹೈಫಾದಲ್ಲಿ ಫೆಲೆಸ್ತೀನಿ ನಟರು ಆ ಇಬ್ಬರು ಬಡವರನ್ನು ಕಟ್ಟಡದ ಕೂಲಿಗಳಾಗಿ ಮಾಡಿ ಆಡಿದ್ದರು.

“ಹಾಗಾದ್ರೆ ಈ ಗೋಡೋ ಅಂದ್ರೆ ಯಾರು?” ಎಂದು ಕೇಳಿದೆವು.

“ನೀವು ಯಾರಿಗೆ ಕಾಯ್ತೀರೋ ಅವರು” ಎಂದು ಉಪನ್ಯಾಸಕರು ಚಹಾದ ಕಪ್ಪು ಹಿಡಿದು ಎದ್ದರು.

ಎರಡನೇ ಸಂಜೆ

ಎರಡನೇ ಅಂಕದಲ್ಲಿ ಮರದಲ್ಲಿ ನಾಲ್ಕೈದು ಎಲೆ ಚಿಗುರಿತ್ತು. ಹಲಸಿನ ಎಲೆಯನ್ನು ನೂಲಿನಲ್ಲಿ ಕಟ್ಟಿದ್ದರು. ಉಳಿದದ್ದೆಲ್ಲ ನಿನ್ನೆಯದೇ. ಅದೇ ಇಬ್ಬರು, ಅದೇ ಬೂಟು, ಅದೇ ಟೊಪ್ಪಿ. ಎರಡು ಅಂಕದಲ್ಲೂ ಏನೂ ಆಗುವುದಿಲ್ಲ ಎಂದು ಐರ್ಲೆಂಡಿನ ಒಬ್ಬ ವಿಮರ್ಶಕರು 1956ರಲ್ಲೇ ತಮಾಷೆ ಮಾಡಿದ್ದರಂತೆ. ಆದರೆ ಈಗ ನಾವು ಕತೆಗೆ ಕಾಯುವುದನ್ನು ಬಿಟ್ಟಿದ್ದೆವು. ಬಿಟ್ಟ ಮೇಲೆ ನಾಟಕ ಕಾಣಿಸತೊಡಗಿತು.

ಹಗ್ಗ ಹಿಡಿದ ಧಣಿ ಈ ಸಲ ಕುರುಡನಾಗಿ ಬಂದ. ಆಳು ಮೂಕನಾಗಿದ್ದ. ಯಾವಾಗಿನಿಂದ ಎಂದು ಕೇಳಿದರೆ ಧಣಿಗೆ ಸಿಟ್ಟು, ದಿನ ವಾರದ ಲೆಕ್ಕ ತನ್ನ ಹತ್ತಿರ ಕೇಳಬೇಡಿ ಎನ್ನುತ್ತಾನೆ. ಕಾಯುವ ಇಬ್ಬರಲ್ಲಿ ಒಬ್ಬನಿಗೆ ನಿನ್ನೆ ನಡೆದದ್ದು ನೆನಪಿಲ್ಲ. ನೆನಪಿರುವವನಿಗೆ ತನ್ನ ನೆನಪಿನ ಮೇಲೇ ಸಂಶಯ.

ಒಂದು ಸಂಗತಿ ನಮಗೆ ಹಿಡಿಸಲಿಲ್ಲ, ಅದನ್ನೂ ಬರೆಯಬೇಕು. ಬೇಸತ್ತು ಇಬ್ಬರೂ ಮರಕ್ಕೆ ನೇಣು ಹಾಕಿಕೊಳ್ಳುವ ಮಾತಾಡುತ್ತಾರೆ. ಸೊಂಟದ ಹಗ್ಗ ಬಿಚ್ಚಿ ಎಳೆದು ನೋಡಿದಾಗ ಹಗ್ಗ ತುಂಡಾಗುತ್ತದೆ, ಬಿಚ್ಚಿದವನ ಪ್ಯಾಂಟು ಜಾರುತ್ತದೆ. ಸಭಾಂಗಣ ನಕ್ಕಿತು. ನಮಗೆ ನಗು ಬರಲಿಲ್ಲ. ಅಲ್ಲಾಹನು ಕೊಟ್ಟ ಜೀವವನ್ನು ತಾನೇ ತೆಗೆಯುವುದು ದೊಡ್ಡ ಪಾಪ, ಎಳೆಯ ಮಕ್ಕಳ ಎದುರು ಅದನ್ನು ತಮಾಷೆ ಮಾಡಬಾರದು ಎಂದು ನಾಟಕ ಮುಗಿದ ಮೇಲೆ ಉಪನ್ಯಾಸಕರಿಗೂ ಹೇಳಿದೆವು. ಅವರು ಕೇಳಿಸಿಕೊಂಡರು. “ಅವರು ಸಾಯುವುದಿಲ್ಲ ಉಸ್ತಾದ್, ಇದ್ದೇ ಇರ್ತಾರೆ. ಆದ್ರೂ ನೀವು ಹೇಳಿದ್ದನ್ನು ಮಕ್ಕಳ ಹತ್ತಿರ ಮಾತಾಡ್ತೇನೆ” ಎಂದರು.

ಕೊನೆಗೆ ಪುನಃ ನಮ್ಮ ಹುಡುಗ. ಪುನಃ ಅದೇ ಸುದ್ದಿ: ಇವತ್ತಿಲ್ಲ, ನಾಳೆ. ನಿನ್ನೆ ಬಂದವನೂ ನೀನೇ ಅಲ್ಲವಾ ಎಂದು ಕೇಳಿದರೆ ಅಲ್ಲ ಎನ್ನುತ್ತಾನೆ. ಕಾಯುತ್ತಿದ್ದವನು ಈ ಸಲ ಅವನನ್ನು ಹಿಡಿಯಲು ನುಗ್ಗುತ್ತಾನೆ. ನೋಡಿದ್ದೇನೆ ಎಂದಾದರೂ ಒಪ್ಪಿಕೋ, ನಾಳೆ ಬಂದು ನೋಡಿಯೇ ಇಲ್ಲ ಎನ್ನಬೇಡ ಎಂದು ಕೂಗಾಡುತ್ತಾನೆ. ಹುಡುಗ ಕೈಗೆ ಸಿಗದೆ ಓಡುತ್ತಾನೆ. ಈ ಸಲ ಚಂದ್ರ ಸರಿಯಾಗಿ ಮೇಲೆ ಬಂದ. ಇಬ್ಬರೂ ಹೊರಡುವ ಎಂದು ಮಾತಾಡಿಕೊಂಡರು. ಆದರೆ ಕಾಲು ಕೀಳಲಿಲ್ಲ. ನಿಂತೇ ಇದ್ದರು. ಬೆಳಕು ಆರಿತು.

ಚಪ್ಪಾಳೆ ಮುಗಿದು ಜನ ಏಳುವಾಗ ನಾವು ಹಿಂದೆ ತಿರುಗಿದೆವು. ಆ ತಾಯಿ ಕೂತೇ ಇದ್ದರು. ಕಣ್ಣೀರೇನೂ ಇರಲಿಲ್ಲ. ತಂಗಿ ಕೈ ಹಿಡಿದು ಏಳಿಸಲು ನೋಡುತ್ತಿದ್ದರು. ನಮ್ಮನ್ನು ನೋಡಿ ಅವರು ಬ್ಯಾರಿಯಲ್ಲಿ ಮೆಲ್ಲ ಹೇಳಿದರು: “ಉಸ್ತಾದ್, ಇದು ನಮ್ಮ ಮನೆಯದ್ದೇ ಅಲ್ವಾ? ಇದನ್ನು ಇವನಿಗೆ ಯಾರು ಹೇಳಿಕೊಟ್ಟದ್ದು?”

ಸುದ್ದಿ ತರುವ ಹುಡುಗ

ವೇದಿಕೆಯ ಹಿಂದೆ ಹುಡುಗ ಮುಖದ ಬಣ್ಣ ಒರೆಸುತ್ತಿದ್ದ. ಇಷ್ಟು ಸಣ್ಣ ವೇಷ ಯಾಕೆ ತೆಗೆದುಕೊಂಡೆ ಎಂದು ಕೇಳಿದೆವು. ಅವನು ಹೇಳಿದ್ದನ್ನು ಸಾಧ್ಯವಾದಷ್ಟು ಅವನ ಮಾತಿನಲ್ಲೇ ಬರೆಯುತ್ತೇವೆ.

“ಸರ್ ದೊಡ್ಡ ಪಾರ್ಟ್ ಕೊಡ್ತೇನೆ ಅಂದಿದ್ರು. ನಾನೇ ಇದು ಕೇಳಿದ್ದು. ಇದು ನನಗೆ ಬರ್ತದೆ ಉಸ್ತಾದ್. ಸಣ್ಣವನಿರುವಾಗ ಉಪ್ಪನ ಫೋನ್ ಬಂದ್ರೆ ಓಡಿ ಹೋಗಿ ತೆಗೆಯುವುದು ನಾನೇ. ಉಮ್ಮ ಅಡುಗೆ ಕೋಣೆಯಲ್ಲಿ ಇರ್ತಾರೆ. ‘ಉಪ್ಪ ಈ ಸಲ ಬರುವುದಿಲ್ಲವಂತೆ, ಪೆರ್ನಾಲ್ ಕಳೆದು ಬರ್ತಾರಂತೆ.’ ಪೆರ್ನಾಲ್ ಕಳೆದ್ರೆ ‘ಬಲಿ ಪೆರ್ನಾಲಿಗೆ ಬರ್ತಾರಂತೆ.’ ಉಮ್ಮ ಏನೂ ಹೇಳುವುದಿಲ್ಲ. ‘ನಾವು ಚೆಂದ ಇದ್ದೇವೆ ಅಂತ ಹೇಳು’ ಅಂತಾರೆ, ಅಷ್ಟೇ. ಎಷ್ಟು ಸಲ ಹೇಳಿದ್ದೇನೋ ಲೆಕ್ಕ ಇಲ್ಲ. ಈಗ ಉಮ್ಮ ಕೇಳುವುದನ್ನೇ ಬಿಟ್ಟಿದ್ದಾರೆ.”

ಅವನ ಉಪ್ಪ ದಮಾಮಿನಲ್ಲಿ ಹದಿನೆಂಟು ವರ್ಷದಿಂದ ಗಾಡಿ ಓಡಿಸುವವರು. ಕೊನೆಯ ಸಲ ರಜೆಯಲ್ಲಿ ಬಂದು ಮೂರು ವರ್ಷ ಕಳೆದಿದೆ. ಕೆಟ್ಟ ಮನುಷ್ಯ ಅಲ್ಲ. ತಿಂಗಳು ತಪ್ಪದೆ ಹಣ ಕಳಿಸುತ್ತಾರೆ, ಮಸೀದಿ ಕೆಲಸಕ್ಕೂ ಕೊಟ್ಟವರು. ಪ್ರತೀ ಸಲ ಬರುತ್ತೇನೆ ಎಂದು ಹೇಳುವಾಗ ಅವರೂ ಅದನ್ನು ನಂಬಿಯೇ ಹೇಳಿದ್ದಾರೆ.

ಇದನ್ನು ಓದುವ ಎಷ್ಟು ಮನೆಯಲ್ಲಿ ಇದೇ ಕತೆ ಇಲ್ಲ? 1970ರ ದಶಕದಿಂದ ನಮ್ಮ ಕರಾವಳಿಯ ಗಂಡಸರು ಕಡಲು ದಾಟುತ್ತಿದ್ದಾರೆ. ನಮ್ಮ ಹೆಂಚಿನ ಮನೆ ತಾರಸಿಯಾದದ್ದು, ತಂಗಿಯಂದಿರ ಮದುವೆಯಾದದ್ದು, ಮಕ್ಕಳು ಕಾಲೇಜು ಮೆಟ್ಟಿಲು ಹತ್ತಿದ್ದು ಆ ಬೆವರಿನಿಂದ. ಅದನ್ನು ಮರೆತರೆ ನಾವು ಕೃತಘ್ನರು. ಆದರೆ ಆ ದುಡಿಮೆಯ ಇನ್ನೊಂದು ಬದಿಯಲ್ಲಿ ಕಾದು ಕೂತವರ ಲೆಕ್ಕ ಯಾರೂ ಬರೆದಿಟ್ಟಿಲ್ಲ. ಪಕ್ಕದ ಕೇರಳದ ಎಸ್.ಎ. ಜಮೀಲ್ ಅದೇ ಕಾಲದಲ್ಲಿ ಗಲ್ಫಿನ ಗಂಡನಿಗೆ ಹೆಂಡತಿ ಬರೆಯುವ ಕಾಗದವನ್ನೇ ಹಾಡು ಮಾಡಿದರು. ‘ದುಬೈ ಕತ್ತ್’ ಎಂದರೆ ಹಳೆ ಟೇಪ್‌ರೆಕಾರ್ಡರ್ ಕಾಲದವರಿಗೆ ಈಗಲೂ ಗೊತ್ತು. ಮತ್ತೆ ಗಂಡನ ಕಡೆಯ ಉತ್ತರವನ್ನೂ ಹಾಡಾಗಿ ಬರೆದರು. ಆಗ ಕಾಗದ ಬರಲು ವಾರಗಟ್ಟಲೆ ಹಿಡಿಯುತ್ತಿತ್ತು. ಈಗ ವೀಡಿಯೊ ಕಾಲಿನಲ್ಲಿ ದಿನಾ ಮುಖ ಕಾಣುತ್ತದೆ. ಕಾಯುವುದು ಮಾತ್ರ ಕಡಿಮೆಯಾಗಿಲ್ಲ.

ಅಲ್ಲಿಯವರದ್ದೂ ಕಾಯುವುದೇ. ಇಕಾಮ ನವೀಕರಣಕ್ಕೆ, ಕಫೀಲನ ಸಹಿಗೆ, ಬಾಕಿ ಸಂಬಳಕ್ಕೆ, ರಜೆಗೆ. ಆ ಹೊರೆ ಕೆಳಗಿಡದ ಆಳನ್ನು ನೋಡುವಾಗ ನಮಗೆ ನೆನಪಾದದ್ದು ಅವರೇ. ಇಟ್ಟರೆ ಕೆಲಸ ಹೋಗುತ್ತದೆ ಎಂದು ಹೊತ್ತವರು, ಹೊತ್ತೂ ಹೊತ್ತೂ ಇಡುವುದೇ ಮರೆತವರು.

‘ಇನ್‌ಶಾ ಅಲ್ಲಾಹ್’ ಎಂಬ ಮಾತು

ನಾವು ನಾಟಕಕ್ಕೆ ಹೋದ ಸುದ್ದಿ ಮರುದಿನವೇ ಊರಲ್ಲಿ ಹಬ್ಬಿತು. ಜುಮಾ ಮುಗಿಸಿ ಬರುವಾಗ ಹಿರಿಯರೊಬ್ಬರು ತಡೆದು ನಿಲ್ಲಿಸಿದರು. “ಅದು ದೇವರಿಲ್ಲ ಅನ್ನುವ ನಾಟಕವಂತೆ, ಗೋಡೋ ಅಂದ್ರೆ ಗಾಡ್ ಅಂತೆ. ಉಸ್ತಾದರೇ ಹೋಗಿ ಕೂತ್ರೆ ಮಕ್ಕಳಿಗೆ ಎಂತ ಹೇಳುವುದು?” ಎಂದರು. ಕೋಪದಲ್ಲಲ್ಲ, ಕಾಳಜಿಯಲ್ಲೇ ಕೇಳಿದ್ದು. ಉತ್ತರ ಕೊಡುವುದು ನಮ್ಮ ಜವಾಬ್ದಾರಿ.

ನಾಟಕ ಮೊದಲು ಬರೆದದ್ದು ಫ್ರೆಂಚಿನಲ್ಲಿ. ಆ ಭಾಷೆಯಲ್ಲಿ ದೇವರಿಗೆ ಇರುವ ಪದವೇ ಬೇರೆ. ಗೋಡೋ ಎಂದರೆ ದೇವರು ಎಂಬುದನ್ನು ಬೆಕೆಟ್ ಒಪ್ಪಲಿಲ್ಲ. ಯಾರೆಂದು ತನಗೆ ಗೊತ್ತಿದ್ದರೆ ನಾಟಕದಲ್ಲೇ ಹೇಳುತ್ತಿದ್ದೆ ಎಂಬ ಅರ್ಥದ ಮಾತು ಆಡಿದ್ದರು. ಹಾಗೆ ತಿಳಿಯುವವರು ಇದ್ದಾರೆ, ಇರಲಿ. ನಮ್ಮ ಈಮಾನಿಗೆ ಅದರಿಂದ ತೊಂದರೆ ಇಲ್ಲ. ಅಲ್ಲಾಹನು ಯಾವುದೋ ಮರದ ಬುಡಕ್ಕೆ ಬರಬೇಕಾದವನಲ್ಲ, ಕಂಠನಾಳಕ್ಕಿಂತಲೂ ಹತ್ತಿರ ಇರುವವನು ಎಂದೇ ನಾವು ಕಲಿತದ್ದು, ಕಲಿಸುವುದು. ನಾವು ದಾರಿ ಕಾಯುವುದು ಮನುಷ್ಯರಿಗೆ.

ಆ ನಾಟಕದಲ್ಲಿ ನಮ್ಮನ್ನು ಚುಚ್ಚಿದ್ದು ‘ನಾಳೆ’ ಎಂಬ ಮಾತು. ಪ್ರತೀ ಶುಕ್ರವಾರ ನಾವು ಓದುವ ಸೂರಃ ಅಲ್ ಕಹ್ಫ್‌ನ 23 ಮತ್ತು 24ನೇ ಸೂಕ್ತಗಳು ಇದರ ಬಗ್ಗೆಯೇ ಇವೆ. ಯಾವುದೇ ಕೆಲಸವನ್ನು ನಾಳೆ ಮಾಡುತ್ತೇನೆ ಎನ್ನುವಾಗ ಅಲ್ಲಾಹನು ಇಚ್ಛಿಸಿದರೆ ಎಂದು ಸೇರಿಸಿಯೇ ಹೇಳಬೇಕು ಎಂಬುದು ಅದರ ತಾತ್ಪರ್ಯ. ಇದರ ಹಿನ್ನೆಲೆಯನ್ನು ತಫ್ಸೀರ್ ಗ್ರಂಥಗಳು ವಿವರಿಸುತ್ತವೆ. ಕುರೈಷರು ಕೇಳಿದ ಪ್ರಶ್ನೆಗೆ ನಾಳೆ ಉತ್ತರಿಸುತ್ತೇನೆ ಎಂದು ಪ್ರವಾದಿಯವರು(ಸ.ಅ.) ಹೇಳಿದ್ದರು. ಆಮೇಲೆ ಕೆಲವು ದಿನ ವಹ್ಯ್ ಬರಲಿಲ್ಲ. ನಾಳೆ ಎಂಬುದು ಮನುಷ್ಯನ ಕೈಯಲ್ಲಿಲ್ಲ ಎಂಬ ಪಾಠ ಅದು.

ಆದರೆ ನಾವು ಆ ಪದವನ್ನು ಹೇಗೆ ಬಳಸುತ್ತೇವೆ? ಮಗ ಸೈಕಲ್ ಕೇಳಿದರೆ ಇನ್‌ಶಾ ಅಲ್ಲಾಹ್. ಸಾಲ ಕೊಟ್ಟವನು ಕೇಳಿದರೆ ಇನ್‌ಶಾ ಅಲ್ಲಾಹ್. ಹೆಂಡತಿ ಯಾವಾಗ ಬರ್ತೀರಿ ಎಂದರೆ ಇನ್‌ಶಾ ಅಲ್ಲಾಹ್. ಅಂದರೆ ‘ಇಲ್ಲ’ ಎನ್ನಲು ಧೈರ್ಯ ಸಾಲದಾಗ ಅಲ್ಲಾಹನ ಹೆಸರನ್ನು ಮುಂದಿಟ್ಟು ನಾವು ಹಿಂದೆ ಅಡಗುತ್ತೇವೆ. ಬೇರೆಯವರನ್ನು ಯಾಕೆ ಹೇಳಬೇಕು, ನಮ್ಮ ಮನೆಯಲ್ಲೂ ಅದೇ. ಅಡುಗೆ ಕೋಣೆಯ ಮಾಡು ಸೋರುವುದನ್ನು ಸರಿ ಮಾಡಿಸುವ ಬಗ್ಗೆ ನಾವೇ ಎರಡು ಮಳೆಗಾಲದಿಂದ ಇನ್‌ಶಾ ಅಲ್ಲಾಹ್ ಹೇಳುತ್ತಾ ಬಂದಿದ್ದೇವೆ.

ಒಂಟೆಯನ್ನು ಕಟ್ಟಬೇಕಾ, ಬಿಟ್ಟು ಅಲ್ಲಾಹನ ಮೇಲೆ ಭರವಸೆ ಇಡಬೇಕಾ ಎಂದು ಕೇಳಿದವರಿಗೆ, ಕಟ್ಟಿ ಆಮೇಲೆ ಭರವಸೆ ಇಡು ಎಂದು ಪ್ರವಾದಿಯವರು ತಿಳಿಸಿದ್ದನ್ನು ತಿರ್ಮಿದಿ ವರದಿ ಮಾಡಿದ್ದಾರೆ. ಮದ್ರಸದ ಮಕ್ಕಳಿಗೆ ಇದನ್ನು ಎಷ್ಟು ಸಲ ಕಲಿಸಿದ್ದೇವೆ. ಸಬ್ರ್ ಬೇರೆ, ಕೈಕಟ್ಟಿ ಕೂರುವುದು ಬೇರೆ. ಮರದ ಬುಡದ ಆ ಇಬ್ಬರು ಕಟ್ಟಬೇಕಾದ ಹಗ್ಗವನ್ನು ಕಟ್ಟಲೇ ಇಲ್ಲ. ಬರುತ್ತೇನೆಂದವನೂ ತಾರೀಕು ಹೇಳಲಿಲ್ಲ, ಕಾದವರೂ ಕೇಳಲಿಲ್ಲ. ಇಷ್ಟನ್ನು ಆ ಹಿರಿಯರಿಗೆ ಹೇಳಿದೆವು. ಅವರು ಸುಮ್ಮನೆ ಕೇಳಿ, “ನನ್ನ ಮಗನೂ ಬಾರದೆ ನಾಲ್ಕು ವರ್ಷ ಆಯ್ತು” ಎಂದು ಹೇಳಿ ಮೆಲ್ಲ ನಡೆದು ಹೋದರು.

ಆಮೇಲೆ ಆದದ್ದು

ಹದಿನೈದು ದಿನ ಕಳೆದು ಆ ತಾಯಿ ಸಣ್ಣ ಮಗಳ ಮದ್ರಸ ಫೀಸು ಕಟ್ಟಲು ಬಂದರು. ನಾವಾಗಿ ಏನೂ ಕೇಳಲಿಲ್ಲ. ಅವರೇ ಹೇಳಿದರು.

ನಾಟಕ ನೋಡಿದ ರಾತ್ರಿಯೇ ಗಂಡನಿಗೆ ಫೋನ್ ಮಾಡಿದರಂತೆ. “ಮುಂದಿನ ರಂಝಾನ್, ಮುಂದಿನ ಪೆರ್ನಾಲ್ ಅಂತ ಹೇಳಬೇಡಿ. ತಾರೀಕು ಹೇಳಿ. ಆಗುವುದಿಲ್ಲ ಅಂತಾದ್ರೆ ಅದನ್ನೇ ಹೇಳಿ, ಅದೂ ಆದೀತು. ನಾನು ಮಗನ ಬಾಯಿಂದ ಇನ್ನು ಕೇಳುವುದಿಲ್ಲ” ಎಂದರಂತೆ. ಆ ಕಡೆ ತುಂಬಾ ಹೊತ್ತು ಮಾತೇ ಇರಲಿಲ್ಲ. ಫೋನ್ ಕಟ್ ಆಯ್ತೇನೋ ಎಂದು ಇವರು ಎರಡು ಸಲ ಹಲೋ ಅಂದರು. ಮತ್ತೆ ಅವರು, ನಾಳೆ ಮಾಡ್ತೇನೆ ಎಂದು ಇಟ್ಟರು.

ಮರುದಿನ ಮಾಡಿದರು. ಅಷ್ಟು ವರ್ಷದಲ್ಲಿ ಮೊದಲ ಸಲ ಲೆಕ್ಕ ಬಿಚ್ಚಿದರು. ಮನೆಗೆ ತೆಗೆದ ಸಾಲದಲ್ಲಿ ಇಷ್ಟು ಬಾಕಿ, ಅಲ್ಲಿ ಸ್ನೇಹಿತನಿಂದ ಪಡೆದದ್ದು ಇಷ್ಟು, ಕಂಪೆನಿಯಿಂದ ಬರಬೇಕಾದದ್ದು ಇಷ್ಟು. ಹೆಂಡತಿಗೆ ಬೇಸರವಾಗುತ್ತದೆ ಎಂದು ಹೇಳದೆ ಇಟ್ಟದ್ದಂತೆ. ಇವರ ಹತ್ತಿರವೂ ಹೇಳದ ಸಂಗತಿ ಇತ್ತು, ಮನೆ ಖರ್ಚಿನಲ್ಲಿ ಉಳಿಸಿ ಕಟ್ಟಿದ ಒಂದು ಚೀಟಿ. ಮಗ ನಡುವೆ ಕೂತು ನೋಟ್‌ಪುಸ್ತಕದಲ್ಲಿ ಬರೆದ. ಕೂಡಿ ಕಳೆದು ನೋಡಿದರೆ ಹದಿನಾಲ್ಕು ತಿಂಗಳು. ಅಷ್ಟು ಸಮಯ ದುಡಿದರೆ ಎಕ್ಸಿಟ್ ಹೊಡೆದು ಬರಬಹುದು.

“ಹದಿನಾಲ್ಕು ತಿಂಗಳು, ಇನ್‌ಶಾ ಅಲ್ಲಾಹ್” ಎಂದರು ಆ ತಾಯಿ. ಈ ಸಲ ಆ ಪದಕ್ಕೆ ಅದರ ತೂಕ ಇತ್ತು. ಬರುತ್ತಾರೋ ಇಲ್ಲವೋ ಅಲ್ಲಾಹನಿಗೆ ಗೊತ್ತು. ಕ್ಯಾಲೆಂಡರಿನಲ್ಲಿ ಗುರುತು ಮಾತ್ರ ಬಿದ್ದಿದೆ.

ಹುಡುಗನಿಗೆ ನಾವು ನಾಟಕ ಬಿಡು ಎನ್ನಲಿಲ್ಲ. ನಮಾಝ್ ತಪ್ಪಬಾರದು, ಪರೀಕ್ಷೆ ಕೆಡಬಾರದು, ತಡವಾಗುವ ದಿನ ಉಮ್ಮನಿಗೆ ಮೊದಲೇ ಫೋನ್ ಮಾಡಬೇಕು ಎಂದೆವು. ಒಪ್ಪಿದ್ದಾನೆ. ಅವನ ಉಮ್ಮನ ದೂರು ಈಗ ಬೇರೆ: “ಮುಂದಿನ ಸಲ ಸ್ವಲ್ಪ ಹೆಚ್ಚು ಮಾತು ಇರುವ ವೇಷ ಕೊಡ್ಲಿಕ್ಕೆ ಸರ್ ಹತ್ರ ಹೇಳಿ ಉಸ್ತಾದ್.”

ಓದುಗರ ಹತ್ತಿರ ನಮ್ಮದೊಂದು ಬಿನ್ನಹ. ನಿಮ್ಮ ಮನೆಯವರು ಹೊರದೇಶದಲ್ಲಿದ್ದರೆ ಇಂದು ರಾತ್ರಿ ಫೋನಿನಲ್ಲಿ ಊಟ ಆಯ್ತಾ ಎಂದು ಕೇಳಿದ ಮೇಲೆ ಲೆಕ್ಕದ ಮಾತನ್ನೂ ಎತ್ತಿ. ಸಾಲ ಎಷ್ಟು, ಉಳಿತಾಯ ಎಷ್ಟು, ಎಂದು ಬರಬಹುದು. ಅಲ್ಲಿರುವವರು ಇದನ್ನು ಓದುತ್ತಿದ್ದರೆ, ಆಗದ ಮಾತನ್ನು ಆಗುವುದಿಲ್ಲ ಎಂದೇ ಹೇಳಿ. ಮಕ್ಕಳ ಕೈಯಲ್ಲಿ ಹೇಳಿ ಕಳಿಸಬೇಡಿ, ಹೆಂಡತಿಗೆ ನೀವೇ ಹೇಳಿ. ನಾವು ಅಡುಗೆ ಕೋಣೆಯ ಮಾಡಿಗೆ ಕೆಲಸದವರನ್ನು ಬರುವ ಸೋಮವಾರಕ್ಕೆ ಹೇಳಿ ಆಗಿದೆ, ಇನ್‌ಶಾ ಅಲ್ಲಾಹ್.